ಬಸ್ಸು ತಪ್ಪಿಸಿದ ಮಾತು

ನಾನು ಮಾಡುವ ಪತ್ರಿಕೆಯ ಕೆಲಸದಲ್ಲಿ ವಿಷಯ ಮೊದಲ ಸಾಲಿಗೇ ಬರಬೇಕು. ಸೇಡಂನ ನಮ್ಮ ಅಜ್ಜನ ಮಾತಿನಲ್ಲಿ ವಿಷಯ ಬರುವ ಹೊತ್ತಿಗೆ ಕೇಳುವವರ ಚಹಾ ಆರಿಹೋಗಿರುತ್ತಿತ್ತು.

ಅಕ್ಕನನ್ನು ನೋಡಲು ಚಿಂಚೋಳಿಯಿಂದ ಗಂಡಿನವರು ಬಂದರು: ಹುಡುಗ, ಅವನ ತಂದೆ, ತಾಯಿ. ಹಿಂದಿನ ದಿನವೇ ಅಕ್ಕ ಅಜ್ಜನಿಗೆ ಹೇಳಿದ್ದಳು, "ಆ ಮನಷ್ಯಾ ನಾಕು ಮಾತಾಡಾದು ಕೇಳದೆ ನಾ ಹೂಂ ಅನ್ನಂಗಿಲ್ಲ." ಆದರೆ ಆ ಕಾಲದಲ್ಲಿ ಹುಡುಗಿಗೆ ಸಿಗುತ್ತಿದ್ದದ್ದು ಚಹಾ ಇಟ್ಟು ಬರುವಷ್ಟು ಹೊತ್ತು ಮಾತ್ರ. ಅವಳು ಇಟ್ಟು ಬಂದಳು. ಹಿರಿಯರೆದುರು ಹುಡುಗ ಬಾಯಿ ಬಿಡಲಿಲ್ಲ.

ಅಜ್ಜ ಮುಧೋಳದಲ್ಲಿ ತಪ್ಪಿಸಿಕೊಂಡ ಎತ್ತಿನ ಕಥೆ ತೆಗೆದರು. ಎತ್ತಿಗಿಂತ ಮೊದಲು ಅದನ್ನು ಮಾರಿದವನ ಮನೆತನ, ಆ ಮನೆತನದ ಬಾವಿ, ಬಾವಿಗೆ ಕಲ್ಲು ಬಂದ ರಾವೂರಿನ ಖಣಿ.

"ಅಜ್ಜಾರ, ಕಡೀ ಬಸ್ಸಿನ ಟೈಮ್ ಆಯ್ತರಿ," ಎಂದರು ಹುಡುಗನ ತಂದೆ.

"ಕುಂದ್ರಿ, ಕುಂದ್ರಿ. ಇನ್ನಾ ಎತ್ತೇ ಬಂದಿಲ್ಲ."

ಅಡುಗೆಮನೆಯಲ್ಲಿ ಅವ್ವ ಹಣೆ ಬಡಿದುಕೊಂಡಳು. "ಬಂದ ಬೀಗರು ಓಡಿ ಹೋಗ್ತಾರ ನೋಡು, ಈ ಮುದುಕನ ಕಾಟಕ್ಕ."

ದೂರದಲ್ಲಿ ಬಸ್ಸಿನ ಹಾರ್ನ್ ಕೇಳಿ ಅಡಗಿತು. ಅಜ್ಜ ಕಥೆಯನ್ನು ಅಲ್ಲೇ ಬಿಟ್ಟು, "ಬಸ್ಸು ಹೋಯ್ತಲ್ಲರಿ! ಇಲ್ಲೇ ವಸ್ತಿ ಮಾಡ್ರಿ. ಏ, ರೊಟ್ಟಿ ಬಡೀರಿ," ಎಂದು ಕೂಗಿದರು. ಬೇಕೆಂದೇ ಕಥೆ ಎಳೆದಿದ್ದರು ಎಂದು ನಮಗೆ ಆಗ ತಿಳಿಯಿತು.

ಊಟಕ್ಕೆ ಅಕ್ಕನೇ ಬಡಿಸಿದಳು. ಉಂಡೆದ್ದ ಹಿರಿಯರನ್ನು ಅಜ್ಜ ಹೊರಗಿನ ಕಟ್ಟೆಗೆ ಕರೆದೊಯ್ದರು. ಹುಡುಗನೂ ನಾನೂ ಇನ್ನೂ ಉಣ್ಣುತ್ತಿದ್ದೆವು.

"ನಿಮ್ಮಜ್ಜಾರು ದಿನಾ ಹಿಂಗೇ ಮಾತಾಡ್ತಾರೇನ್ರಿ?" ಅವನು ತಾಟಿನಿಂದ ತಲೆ ಎತ್ತದೆ ಕೇಳಿದ.

"ಇವತ್ತ ಭಾಳ ಕಮ್ಮಿ ಆಯ್ತರಿ," ಎಂದಳು ಅಕ್ಕ.

ಅವನಿಗೆ ತುತ್ತು ನೆತ್ತಿಗೆ ಹತ್ತಿತು. ನೀರು ಕುಡಿದು, "ಆ ಎತ್ತು ಕಡೀಗಿ ಸಿಕ್ತೇನ್ರಿ?" ಎಂದ.

"ಯಾರಿಗಿ ಗೊತ್ತರಿ! ಸಣ್ಣಾಕಿ ಇದ್ದಾಗಿಂದ ಕೇಳಾಕತ್ತೀನಿ."

ಇಬ್ಬರೂ ನಕ್ಕರು. ಅವನು ಇನ್ನೊಂದು ರೊಟ್ಟಿ ಕೇಳಿ ಹಾಕಿಸಿಕೊಂಡ, ಮಾತೂ ಮುಂದುವರಿಯಿತು.

ಮುಂಜಾನೆ ಗಂಡಿನವರು ತಮ್ಮ ಒಪ್ಪಿಗೆ ತಿಳಿಸಿ ಹೊರಟರು. ಅವರನ್ನು ಬಸ್ಸು ಹತ್ತಿಸಿ ಬಂದ ಅಜ್ಜ, ಚಪ್ಪಲಿಯನ್ನೂ ಬಿಡದೆ ಅಂಗಳದಲ್ಲೇ ನಿಂತು ಅಕ್ಕನನ್ನು ಕೇಳಿದರು, "ಏನಂತಿ?"

"ಹೂಂ, ಅಜ್ಜಾ."

ಅಜ್ಜ ಈಗ ನಿಧಾನವಾಗಿ ಚಪ್ಪಲಿ ಬಿಟ್ಟರು. "ಜಲ್ದಿ ಏನದವ್ವಾ? ಇನ್ನೊಂದೆರಡು ದಿನ ವಿಚಾರ ಮಾಡು."

"ಮಾಡೀನಿ," ಎಂದು ಅಕ್ಕ ಅವರ ಹತ್ತಿರ ಬಂದು ನಿಂತಳು.

ಅಜ್ಜ ಅವಳ ತಲೆಯ ಮೇಲೆ ಕೈ ಇಟ್ಟು, "ಚಿಂಚೋಳಿ ಭಾಳ ದೂರ ಆಗ್ತದ," ಎಂದರು.