ಬರ್ಲಿ ಅಣ್ಣನ ಉಪ್ಪುನೀರಿನ ತೊಟ್ಟಿ

ನನ್ನ ಭಾವ ಬದುಕಿನಲ್ಲಿ ಅತಿ ಹೆಚ್ಚು ಆಡಿದ ಮಾತು ಯಾವುದು ಅಂತ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತೇನೆ: ‘ಬರ್ಲಿ’. ದೊಡ್ಡ ಗೋದಾಮೊಂದರಲ್ಲಿ ಲಾರಿಗಳನ್ನು ಹಿಂದಕ್ಕೆ ತರಿಸಿಕೊಳ್ಳುವುದು ಅವರ ಕೆಲಸ. ಸರಕಿನ ಲಾರಿ ಗೋದಾಮಿನ ಬಾಗಿಲಿಗೆ ಬೆನ್ನು ಹಾಕಿ ಬಂದು ನಿಲ್ಲಬೇಕು, ಡ್ರೈವರನಿಗೆ ಹಿಂದೇನಿದೆ ಕಾಣದು. ಇವರು ಪಕ್ಕದಲ್ಲಿ ನಡೆಯುತ್ತ ‘ಬರ್ಲಿ, ಬರ್ಲಿ, ಬರ್ಲಿ’ ಅಂತ ಕೂಗಿ ಕೂಗಿ ಕಟ್ಟೆಯವರೆಗೆ ಕರೆತರಬೇಕು. ಮದುವೆಗೆ ಮುಂಚೆ ಶುರುವಾದ ಕೂಗು ತಲೆ ನರೆತರೂ ನಿಲ್ಲಲಿಲ್ಲ. ಡ್ರೈವರುಗಳ ಬಾಯಲ್ಲಿ ಅವರು ಬರ್ಲಿ ಅಣ್ಣ. ಅಪ್ಪ ಅಮ್ಮ ಇಟ್ಟ ಹೆಸರು ಸಂಬಳದ ದಿನ ಸಹಿ ಹಾಕುವಾಗ ಮಾತ್ರ ನೆನಪಾಗುತ್ತಿತ್ತು. ನಾವ್ಯಾರೂ ಅವರು ಕೆಲಸ ಮಾಡುವುದನ್ನು ಹೋಗಿ ನೋಡಿದವರಲ್ಲ. ಬೆಳಿಗ್ಗೆ ಹೋಗುತ್ತಾರೆ, ಸಂಜೆ ಮೈತುಂಬ ಧೂಳು ಹೊತ್ತು ಬರುತ್ತಾರೆ, ಅದರಲ್ಲಿ ನೋಡುವುದೇನಿದೆ ಅನ್ನುವ ಜನ ನಾವು.

ಮನೆಯಲ್ಲಿ ಅವರದು ಮಾತು ಕಡಿಮೆ. ಆಡಿದರೂ ಅಪ್ಪಣೆ ಕೊಟ್ಟ ಹಾಗೆ, ಹಿಂದಿಲ್ಲ ಮುಂದಿಲ್ಲ. ಯಾಕೆ ಅಂತ ಕೇಳಿದರೆ ಮೀಸೆ ಸವರಿಕೊಂಡು ಸುಮ್ಮನಾಗುತ್ತಿದ್ದರು. ಅಕ್ಕ ಅಷ್ಟು ವರ್ಷ ಹೇಗೆ ಸಂಸಾರ ಮಾಡಿದಳೋ! ನಾನಾಗಿದ್ದರೆ ಮೊದಲ ವಾರವೇ ಗಂಟುಮೂಟೆ ಕಟ್ಟುತ್ತಿದ್ದೆ. ಇದನ್ನು ಭಾವನ ಎದುರಿಗೇ ಹೇಳಿದ್ದೇನೆ. ‘ನಿನ್ನ ಗಂಡನ ಪುಣ್ಯ, ನಿನಗೆ ಗಂಡನೇ ಇಲ್ಲ’ ಅಂದಿದ್ದರು. ಅದೇ ಅವರು ನನ್ನ ಹತ್ತಿರ ಆಡಿದ ಅತಿ ಉದ್ದದ ಮಾತು.

ಇಂಥ ಮನುಷ್ಯ ಒಂದು ದಿನ ಗಾಜಿನ ತೊಟ್ಟಿಯೊಂದನ್ನು ಲಾರಿಯಲ್ಲಿ ಹಾಕಿಸಿಕೊಂಡು ಬಂದರು. ಗೋದಾಮಿಗೆ ಬಂದ ಸರಕು, ಬಿಡಿಸಿಕೊಳ್ಳಲು ಯಾರೂ ಬಂದಿರಲಿಲ್ಲವಂತೆ. ಬಣ್ಣದ ಮೀನು ಸಾಕುತ್ತಾರೆ ಅಂದುಕೊಂಡರೆ ಇವರು ಸಮುದ್ರದ ಮೀನು ಸಾಕಲು ಹೊರಟರು. ಅದಕ್ಕೆಂದೇ ಬೇರೆ ಉಪ್ಪು, ಬೇರೆ ಮರಳು, ತೂತುತೂತಿನ ಕಲ್ಲು, ಹಗಲು ರಾತ್ರಿ ಗುರುಗುಟ್ಟುವ ಪಂಪು. ಅಡುಗೆಮನೆಗೆ ಉಪ್ಪು ತನ್ನಿ ಅಂದರೆ ಮರೆತು ಬರುವವರು ಮೀನಿಗೆ ಚೀಲಗಟ್ಟಲೆ ಹೊತ್ತು ತರುತ್ತಾರೆ ಅಂತ ಅಕ್ಕ ಗೊಣಗುತ್ತಿದ್ದಳು. ತೊಟ್ಟಿಯ ನೀರು ಆರಿ ಕಡಿಮೆಯಾದರೆ ಬರೀ ಸಿಹಿನೀರು ಹಾಕುತ್ತಿದ್ದರು. ‘ಹೋದದ್ದು ನೀರು, ಉಪ್ಪಲ್ಲ’ ಅನ್ನುತ್ತಿದ್ದರು. ಒರೆಸಲು ಹೋದ ಅಕ್ಕನಿಗೆ ಒಂದೇ ಅಪ್ಪಣೆ: ‘ಮರಳಿಗೆ ಕೈ ಹಾಕಬೇಡ.’ ಯಾಕೆ? ಮೀಸೆ.

ವರ್ಷ ಕಳೆದ ಹಾಗೆ ಮೀನುಗಳು ಒಂದೊಂದಾಗಿ ಹೋದವು. ಉಳಿದದ್ದು ಒಂದು, ಹೆಬ್ಬೆರಳುದ್ದದ್ದು, ಕಿತ್ತಳೆ ಮೈಗೆ ಬಿಳಿ ಪಟ್ಟೆ. ಭಾವ ಗೋದಾಮಿನಿಂದ ಬಂದು ಗಾಜಿನ ಮುಂದೆ ಕೂತು ಮೆಲ್ಲಗೆ ‘ಬರ್ಲಿ, ಬರ್ಲಿ’ ಅಂದರೆ ಸಾಕು, ಕಲ್ಲಿನ ಸಂದಿಯಿಂದ ಮೈ ಕುಣಿಸುತ್ತ ಬಂದು ಅವರ ಮೂಗಿಗೆ ಮೂಗು ಕೊಟ್ಟು ನಿಲ್ಲುತ್ತಿತ್ತು. ಅಕ್ಕ ಅದಕ್ಕೆ ಸವತಿ ಅಂತ ಹೆಸರಿಟ್ಟಿದ್ದಳು. ‘ಸವತಿಗೆ ಊಟ ಆಯ್ತಾ?’ ಅಂತ ಕೇಳಿಯೇ ಗಂಡನಿಗೆ ತಟ್ಟೆ ಹಾಕುತ್ತಿದ್ದಳು.

ಅವರಿಗೆ ಲಕ್ವ ಹೊಡೆದದ್ದು ಕೆಲಸದ ಜಾಗದಲ್ಲೇ. ಲಾರಿ ಹಿಂದಕ್ಕೆ ಬರುತ್ತಿದ್ದಾಗ ಕುಸಿದು ಬಿದ್ದರು. ಅದರ ಡ್ರೈವರ್, ಗಡ್ಡದವನು, ಕನ್ನಡಿಯಲ್ಲಿ ಬರ್ಲಿ ಅಣ್ಣ ಕಾಣಲಿಲ್ಲವೆಂದು ಬ್ರೇಕು ಒತ್ತಿದ್ದಕ್ಕೆ ಜೀವ ಉಳಿಯಿತು. ಬಲಗೈ ಬಲಗಾಲು ಹೋದವು. ಮಾತೂ ಹೋಯಿತು, ಒಂದನ್ನು ಬಿಟ್ಟು. ಹಸಿದರೆ ‘ಬರ್ಲಿ’, ಬಚ್ಚಲಿಗೆ ಹೋಗಬೇಕಾದರೆ ‘ಬರ್ಲಿ’, ನೋವಾದರೂ ‘ಬರ್ಲಿ’. ತಲೆಯೊಳಗೆ ಮಾತೆಲ್ಲ ಇದೆ, ಬಾಯಿಗೆ ಬರುವ ದಾರಿ ಮುಚ್ಚಿದೆ, ನಡೆದು ನಡೆದು ಸವೆದ ಒಂದು ದಾರಿ ಮಾತ್ರ ತೆರೆದಿದೆ ಅಂತ ಡಾಕ್ಟರು ವಿವರಿಸಿದರು. ನೋಡಲು ಬಂದ ದೂರದ ಸಂಬಂಧಿಯೊಬ್ಬ ‘ಮಾತು ಬೆಳ್ಳಿ, ಮೌನ ಬಂಗಾರ’ ಅಂದ. ಮಾತು ಸತ್ತವನ ಮುಂದೆ ಆಡುವ ಮಾತೇ ಅದು? ಅವನ ಕೈಯಿಂದ ಕಾಫಿ ಲೋಟ ಕಸಿದುಕೊಳ್ಳಬೇಕು ಅನ್ನಿಸಿತು ನನಗೆ.

ಎಡಗೈ ಚೆನ್ನಾಗಿತ್ತು. ಒಂದೊಂದು ಸಲ ಆ ಕೈಯಿಂದ ಗಾಲಿಕುರ್ಚಿಯ ಕಬ್ಬಿಣದ ತೋಳಿಗೆ ಫಟ್ ಫಟ್ ಅಂತ ಎರಡು ಏಟು ಹೊಡೆಯುತ್ತಿದ್ದರು. ಲಕ್ವ ಹೊಡೆದವರಿಗೆ ಸಿಟ್ಟು ಜಾಸ್ತಿ ಅಂತ ಎಲ್ಲರೂ ಹೇಳಿದ್ದರಿಂದ ಅದು ಸಿಟ್ಟು ಅಂದುಕೊಂಡೆವು. ಊಟದಲ್ಲಿ ‘ಬರ್ಲಿ’ ಅಂದು ಕುರ್ಚಿಗೆ ಹೊಡೆದರೆ ಪಾಪ ಹಸಿವು ಅಂತ ಅಕ್ಕ ಇನ್ನೊಂದು ಸೌಟು ಬಡಿಸುತ್ತಿದ್ದಳು. ಕೆಲಸದ ನಡುವೆ ಅವರು ಕೂಗಿದಾಗಲೆಲ್ಲ ‘ಬಂದೆ ರೀ, ಬಂದೆ’ ಅನ್ನುವಳು, ಹೋಗುವುದು ಕೈಯಲ್ಲಿದ್ದ ಕೆಲಸ ಮುಗಿದ ಮೇಲೆ. ಅವಳನ್ನು ಬೈಯಲಾರೆ, ದಿನವಿಡೀ ಒಂದೇ ಮಾತು ಕೇಳಿದರೆ ಯಾರ ಕಿವಿಯಾದರೂ ಕಿವುಡಾಗುತ್ತದೆ. ಅವರು ಕರೆದರೆ ತಕ್ಷಣ ಬರುತ್ತಿದ್ದದ್ದು ಆ ಮೀನು ಮಾತ್ರ. ಅದಕ್ಕೇ ಬೆಳಗಿನಿಂದ ಸಂಜೆಯವರೆಗೆ ತೊಟ್ಟಿಯ ಮುಂದೆಯೇ ಕೂರುತ್ತಿದ್ದರು. ಅದು ಬಂದು ನಿಂತಾಗ ಸೊಟ್ಟಗಾದ ಬಾಯಲ್ಲೂ ನಗು ಕಾಣುತ್ತಿತ್ತು.

ಆದರೆ ನೋಡಿಕೊಳ್ಳುವ ಕೈ ಬಿದ್ದ ಮೇಲೆ ತೊಟ್ಟಿಯೂ ಬಿತ್ತು. ಗಾಜಿನ ಮೇಲೆ ಪಾಚಿ, ಅಂಚಿನಲ್ಲೆಲ್ಲ ಬಿಳಿ ಉಪ್ಪಿನ ಹಕ್ಕಳೆ. ಕೊನೆಗೆ ಒಂದು ಮೂಲೆಯ ಅಂಟು ಬಿಟ್ಟು ನೀರು ಜಿನುಗತೊಡಗಿ ಕೆಳಗಿನ ಮನೆಯವರು ಮೇಲೆ ಬಂದು ಜಗಳ ತೆಗೆದರು. ಅಕ್ಕ ಮೀನಿನ ಅಂಗಡಿಯವನನ್ನು ಕರೆಸಿದಳು. ಇದನ್ನು ಬಿಚ್ಚಿ ಹೊಸ ತೊಟ್ಟಿಯಲ್ಲಿ ಮೊದಲಿನಿಂದ ಶುರು ಮಾಡಬೇಕು ಅಂದ ಅವನು. ಹಳೇ ನೀರನ್ನೇ ಟಬ್ಬಿಗೆ ತುಂಬಿ ಮೊದಲು ಮೀನನ್ನು ಅದಕ್ಕೆ ಬಿಡಿ, ಉಳಿದದ್ದು ಆಮೇಲೆ ಅಂತಲೂ ಹೇಳಿದ. ಅಕ್ಕ ಭಾವನ ಗಲ್ಲ ಸವರಿ, ನಿಮ್ಮ ಸವತಿಗೆ ಹೊಸ ಮನೆ ಮಾಡಿಕೊಡ್ತೀನಿ ಅಂದಳು. ಅವರು ‘ಬರ್ಲಿ’ ಅಂದರು. ಅವತ್ತು ಅದಕ್ಕೆ ಒಪ್ಪಿಗೆ ಅಂತಲೇ ಅರ್ಥವಿರಬೇಕು, ಮುಖ ಅರಳಿತ್ತು.

ಭಾನುವಾರ ನಾನೂ ಹೋಗಿದ್ದೆ. ಪೈಪು ಹಿಡಿದು ನೀರು ಬಕೆಟ್ಟಿಗೆ ಇಳಿಸುವುದು, ಬಕೆಟ್ಟು ತುಂಬಿದರೆ ಬಚ್ಚಲಿಗೆ ಸುರಿಯುವುದು ನನ್ನ ಪಾಲು. ಟಬ್ಬು ಸಿದ್ಧವಾಗಿತ್ತು, ಮೀನು ಸಿದ್ಧವಿರಲಿಲ್ಲ. ಬಲೆ ಕಂಡರೆ ಕಲ್ಲಿನೊಳಗೆ ನುಗ್ಗುತ್ತಿತ್ತು. ಅಕ್ಕ ಕಲ್ಲುಗಳನ್ನು ಎತ್ತಿ ಹೊರಗಿಟ್ಟಳು. ಆಗ ಪಂಪಿನ ಕೊಳವೆಯ ಹಿಂದೆ ಮರಳು ತೋಡಿಕೊಂಡು ಅವಿತಿತು. ಅಕ್ಕನ ತಾಳ್ಮೆ ಗೊತ್ತಲ್ಲ, ಕೈಯಲ್ಲಿ ಪೊರಕೆ ಇದ್ದರೆ ಮನೆಗೆ ಬಂದ ನೆಂಟರನ್ನೂ ಸೇರಿಸಿ ಗುಡಿಸುವವಳು. ಮರಳು ತೆಗೆದರೆ ಎಲ್ಲಿ ಅವಿತುಕೊಳ್ಳುತ್ತೆ ನೋಡೋಣ ಅಂತ ಅಡುಗೆಮನೆಯ ದೊಡ್ಡ ಸೌಟು ತಂದು ತಳಕ್ಕೆ ಹಾಕಿದಳು.

ಭಾವ ಹಿಂದಿನಿಂದ ‘ಬರ್ಲಿ!’ ಅಂತ ಕೂಗಿದರು. ಕುರ್ಚಿಗೆ ಎರಡು ಏಟು ಹೊಡೆದರು.

"ಬಂದೆ ರೀ, ಬಂದೆ, ಇನ್ನೇನ್ ಆಗೋಯ್ತು" ಅಂದಳು ಅಕ್ಕ, ತಿರುಗದೆ.

ಮತ್ತೆ ‘ಬರ್ಲಿ, ಬರ್ಲಿ’, ಮತ್ತೆ ಎರಡು ಏಟು. ಕುರ್ಚಿಯೇ ಅಲುಗಿತು. ಬೇಗ ಮಾಡಿ ಅಂತ ಅವಸರ ಮಾಡ್ತಿದ್ದಾರೆ ಅಂದುಕೊಂಡು ಅಕ್ಕ ಇನ್ನೂ ಆಳಕ್ಕೆ ತೋಡಿದಳು. ಮೇಲೆ ಬೆಳ್ಳಗಿದ್ದ ಮರಳು ಕೆಳಗೆ ಕಾಡಿಗೆಯ ಹಾಗೆ ಕಪ್ಪಗಿತ್ತು. ಅದು ಎದ್ದದ್ದೇ ತಡ, ಕೊಳೆತ ಮೊಟ್ಟೆಯ ನಾತ ಕೋಣೆಯೆಲ್ಲ ತುಂಬಿತು. ವರ್ಷಗಟ್ಟಲೆ ಗಾಳಿ ಕಾಣದೆ ಅಡಿಯಲ್ಲಿ ಕೂತ ಹೊಲಸು, ಮುಟ್ಟದಿದ್ದರೆ ಏನೂ ಮಾಡುವುದಿಲ್ಲ, ಕೆದಕಿದರೆ ನೀರಿಗೆಲ್ಲ ವಿಷ. ಇದು ನಮಗೆ ಗೊತ್ತಾದದ್ದು ಆಮೇಲೆ. ಮೀನು ಮೇಲೆ ಬಂದು ಬಾಯಿ ತೆರೆದು ತೆರೆದು ಮುಚ್ಚಿತು. ಅಕ್ಕ ಬರಿಗೈಯಲ್ಲೇ ಬಾಚಿ ಟಬ್ಬಿಗೆ ಬಿಟ್ಟಳು. ಅಲ್ಲಿ ಒಂದು ಸುತ್ತು ಹಾಕಿ ಮಗ್ಗುಲಾಯಿತು.

ಭಾವ ಕುರ್ಚಿಯನ್ನು ಎಡಗಾಲಿನಿಂದ ತಳ್ಳಿಕೊಂಡು ಟಬ್ಬಿನ ಹತ್ತಿರ ಬಂದರು. ಬಗ್ಗಿ, ಯಾವತ್ತಿನ ಹಾಗೆ ಮೆಲ್ಲಗೆ, ‘ಬರ್ಲಿ, ಬರ್ಲಿ’ ಅಂದರು. ಸುಮಾರು ಹೊತ್ತು ಅಂದರು. ನನಗೆ ಅಲ್ಲಿ ನಿಲ್ಲಲಾಗಲಿಲ್ಲ, ಬಚ್ಚಲಿಗೆ ಹೋಗಿ ಅತ್ತೆ. ಅವತ್ತಿನಿಂದ ಅವರು ಆ ಒಂದು ಮಾತನ್ನೂ ಬಿಟ್ಟರು.

ಕೆಲವು ದಿನ ಕಳೆದು ಗಡ್ಡದ ಡ್ರೈವರ್ ನೋಡಲು ಬಂದ. ನಾನೂ ಇದ್ದೆ. ಅಕ್ಕ ಅವನ ಮುಂದೆ ನಡೆದದ್ದನ್ನೆಲ್ಲ ಹೇಳಿಕೊಂಡು, ಅವರೇ ಬೇಗ ಬೇಗ ಅಂತ ಕುರ್ಚಿ ಬಡಿದರು, ಹೀಗೆ, ಅಂತ ಮೇಜಿಗೆ ಎರಡು ಏಟು ಹೊಡೆದು ತೋರಿಸಿದಳು. ಅವನು ಲೋಟ ಕೆಳಗಿಟ್ಟ.

"ಅತ್ತಿಗೆ, ಎರಡು ಏಟು ಅಂದ್ರೆ ಬೇಗ ಅಂತಲ್ಲ. ನಿಲ್ಲಿಸು ಅಂತ. ಇಂಜಿನ್ ಸದ್ದಲ್ಲಿ ಅಣ್ಣ ಕೂಗಿದ್ದು ಎಷ್ಟೋ ಸಲ ನಮಗೆ ಕೇಳಲ್ಲ, ಲಾರಿ ಮೈಗೆ ಎರಡು ಬಿಟ್ರೆ ಅಲ್ಲೇ ಬ್ರೇಕು. ಬಾಯಲ್ಲಿ ಬರ್ಲಿ ಅಂತಿದ್ರೂ ಸೈತ, ಕೈ ಹೇಳಿದ್ದೇ ಮಾತು."

"ಹಾಗಾದ್ರೆ ಊಟಕ್ಕೆ ಕೂತಾಗ..." ಅಂದ ಅಕ್ಕ ಅಲ್ಲೇ ನಿಲ್ಲಿಸಿದಳು. ಸಾಕು ಸಾಕು ಅಂದ ಮನುಷ್ಯನಿಗೆ ತಿಂಗಳುಗಟ್ಟಲೆ ಬಡಿಸಿದ್ದಳು. ಅವರು ಕಣ್ಣಲ್ಲಿ ನೀರು ತುಂಬಿಕೊಂಡು ನುಂಗಿದ್ದರು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅನ್ನುತ್ತಾರಲ್ಲ, ಹಾಗಾಯಿತು ನಮ್ಮ ಕಥೆ. ಸಿಟ್ಟು ಯಾರ ಮೇಲೆ ತೀರಿಸಿಕೊಳ್ಳಲಿ? ಬಾಯಿ ಇದ್ದಾಗ ಒಂದಕ್ಕೂ ಕಾರಣ ಹೇಳದ ಅವರ ಮೇಲೋ, ಕೈ ಮಾತಾಡಿದಾಗ ತಿರುಗಿಯೂ ನೋಡದ ನಮ್ಮ ಮೇಲೋ?

ಅಕ್ಕ ಹಟ ಹಿಡಿದಳು. ನಾನೇ ಕೊಂದೆ, ನಾನೇ ತರ್ತೀನಿ ಅಂದಳು. ಹೊಸ ಗಾಜಿನ ತೊಟ್ಟಿ ಬಂತು. ಹೊಸ ಮರಳನ್ನು ಅಕ್ಕಿ ತೊಳೆದ ಹಾಗೆ ತೊಳೆದಳು. ಉಪ್ಪು ಬೆರೆಸಿದ ನೀರು ತುಂಬಿ, ಅಂಗಡಿಯವನು ಹೇಳಿದಂತೆ ವಾರಗಟ್ಟಲೆ ಮೀನಿಲ್ಲದೆ ಪಂಪು ಓಡಿಸಿದಳು. ನೀರು ಆರಿದರೆ ಸಿಹಿನೀರು ಹಾಕುತ್ತ, ಹೋದದ್ದು ನೀರು, ಉಪ್ಪಲ್ಲ, ಅಲ್ವೇನ್ರೀ ಅಂತ ಗಂಡನ ಮುಖ ನೋಡುತ್ತಿದ್ದಳು. ಅವರು ತೊಟ್ಟಿಯ ಮುಂದೆಯೇ ಇರುತ್ತಿದ್ದರು, ನೋಡುತ್ತಿದ್ದದ್ದು ಮಾತ್ರ ನೆಲವನ್ನು.

ನೀರು ಹದಕ್ಕೆ ಬಂದಿದೆ ಅಂತ ಅಂಗಡಿಯವನು ಹೇಳಿದ ದಿನ ಅಕ್ಕ ಮೀನು ತಂದಳು. ಅದೇ ಕಿತ್ತಳೆ ಮೈ, ಅದೇ ಬಿಳಿ ಪಟ್ಟೆ, ಉಗುರಿನಷ್ಟು ಮರಿ. ನೀರು ತುಂಬಿದ ಪ್ಲಾಸ್ಟಿಕ್ ಚೀಲವನ್ನು ಎರಡೂ ಕೈಯಲ್ಲಿ ಹಿಡಿದು ಭಾವನ ಕಣ್ಣೆದುರು ಎತ್ತಿದಳು. ಮೊದಲ ಸಲ ಅವರ ಮುಂದೆ ಮಂಡಿಯೂರಿ ಕೂತು, ಉತ್ತರಕ್ಕಾಗಿ ಕಾದಳು.

"ಬಿಡ್ಲೇನ್ರೀ?"

ಅವರು ಮೀನನ್ನು ನೋಡಿದರು. ಅದು ಚೀಲದ ಗೋಡೆಗೆ ಮೂಗು ಒತ್ತಿ ನಿಂತಿತ್ತು. ಆಮೇಲೆ ಅಕ್ಕನನ್ನು ನೋಡಿದರು, ತುಂಬ ಹೊತ್ತು. ಎಡಗೈ ಎತ್ತಿದರು. ಸಿಟ್ಟಿರಲಿಲ್ಲ, ಜೋರೂ ಇರಲಿಲ್ಲ. ಕುರ್ಚಿಯ ತೋಳಿಗೆ ಎರಡು ಏಟು ಹೊಡೆದರು.

ಅಕ್ಕ ಹಾಗೇ ಕೂತಿದ್ದಳು, ತಪ್ಪು ತಿಳಿದುಕೊಂಡೆನೇನೋ ಅನ್ನುವಂತೆ. ಅವರು ಮತ್ತೊಮ್ಮೆ ಹೊಡೆದರು, ಎರಡೇ.

"ಆಯ್ತು ರೀ" ಅಂದಳು. ಅವರು ಹೇಳಿದ್ದು ಅವಳಿಗೆ ಅರ್ಥವಾಗಿತ್ತು. ಎದ್ದು ಚಪ್ಪಲಿ ಮೆಟ್ಟಿ, ಚೀಲವನ್ನು ಸೆರಗಿನ ಮರೆಯಲ್ಲಿಟ್ಟುಕೊಂಡು ಮೀನನ್ನು ಅಂಗಡಿಗೆ ವಾಪಸ್ ಕೊಡಲು ಹೋದಳು.