ಸೆಕೆಂಡ್ ಶಿಫ್ಟಿನ ಬಸ್ಸು, ಊರಮ್ಮನ ದಾರ

ಇಲ್ಲ ಇಲ್ಲ, ಸುಧಾರಾಣಿ ಟೀಚರ್ ಮಕ್ಕಳನ್ನು ಗದರಿಸುವುದೇ ಇಲ್ಲ ಅಂತ ನಾನು ಹೇಳಿದ್ದಲ್ಲ. ಗದರಿಸುತ್ತಾರೆ. ಆದರೆ ಅವರು ಗದರಿಸಿದರೆ ಪಕ್ಕದ ಮನೆಯವರು ಚೂರು ಉಪ್ಪು ಕೇಳಿದ ಹಾಗಿರುತ್ತದೆ, ಅಷ್ಟೇ. ಅದಿರಲಿ, ಬಸ್ಸಿನ ಕತೆ ಅರ್ಧಕ್ಕೇ ನಿಂತಿತ್ತಲ್ಲ, ಅದನ್ನು ಮೊದಲಿಂದ ಹೇಳುತ್ತೇನೆ. ಅದನ್ನು ಹೇಳಿದರೆ ಟೀಚರ್ ಎಂಥವರು ಅಂತ ಹೇಳಿದ ಹಾಗೇ.

ಟೀಚರ್ ಹೊಸಪೇಟೆಯವರು. ಉಳಿದ ಮಕ್ಕಳ ಹಾಗೆ ಕಲಿಯಲು ಆಗದ ಮಕ್ಕಳಿಗೆ ಅವರವರ ದಾರಿಯಲ್ಲೇ ಕಲಿಸುವುದು ಅವರ ಕೆಲಸ. ಇಂಥದ್ದೇ ಶಾಲೆ ಅಂತಿಲ್ಲ. ಬೆಳಿಗ್ಗೆ ಬಸ್ಸು ಹತ್ತಿ ತೋರಣಗಲ್ಲಿಂದ ಸಂಡೂರಿನ ಕಡೆ ಇರುವ ಊರುಗಳಲ್ಲಿ ದಿನಕ್ಕೊಂದು ಶಾಲೆಗೆ ಹೋಗುತ್ತಾರೆ. ಹೆಗಲ ಚೀಲದಲ್ಲಿ ಹುಣಸೆಬೀಜ, ಬಣ್ಣದ ದಾರ, ಬಟ್ಟೆ ಒಣಹಾಕುವ ಕ್ಲಿಪ್ಪು. ಅದಿರು ಲಾರಿಗಳ ಆ ರಸ್ತೆಯಲ್ಲಿ ಗಿಡ, ಗೋಡೆ, ಮಲಗಿದ ನಾಯಿ ಎಲ್ಲವೂ ಕೆಂಪು. ಚಳಿಗಾಲದ ಬೆಳಿಗ್ಗೆ ದೂಳು ಮಂಜಿನ ಜೊತೆ ಸೇರಿ ಮೊಣಕಾಲಿನ ತನಕ ನಿಂತಿರುತ್ತದೆ. ಆಗ ಟೀಚರ್ ಬರುವುದನ್ನು ನೋಡಬೇಕು. ಕಾಲು ಕಾಣಿಸುವುದಿಲ್ಲ, ಹೊಳೆಯ ಮೇಲೆ ತೇಲಿ ಬಂದ ಹಾಗೆ ಬರುತ್ತಾರೆ. ನಾನಿದನ್ನು ಹೇಳಿದರೆ ಅವರಿಗೆ ನಗು. "ಇನ್ನ ಮ್ಯಾಲ ಕೆಂಪು ಸೀರೀನ ತಗಂತೀನಿ ನೋಡು. ಸೋಪಾದ್ರೂ ಉಳೀತೈತಿ."

ಅಂಥ ಒಂದು ಶಾಲೆಯಲ್ಲಿ ಊರಮ್ಮ ಎರಡನೇ ಕ್ಲಾಸು. ಅಜ್ಜಿಯ ಹೆಸರು ಮೊಮ್ಮಗಳಿಗೆ ಬಂದಿದೆ. ಆಟಿಸಂ ಇರುವ ಹುಡುಗಿ, ಮಾತಾಡುವುದಿಲ್ಲ. ಬೆರಳುಗಳನ್ನು ಕಣ್ಣ ಹತ್ತಿರ ಹಿಡಿದು ಸಂದಿಯಿಂದ ಬೆಳಕು ನೋಡುತ್ತಾ ಕುಳಿತರೆ ಕುಳಿತಳೇ. ಏನು ಕಾಣುತ್ತದೆ ಅಂತ ನಾನೂ ಹಾಗೆ ಮಾಡಿ ನೋಡಿದೆ. ಬೆಳಕು ಸಣ್ಣ ಸಣ್ಣ ಮೀನಾಗಿ ಓಡುತ್ತದೆ, ನಿಜವಾಗಿ. ನೀವೂ ಮಾಡಿ ನೋಡಿ.

ತೊಂದರೆ ಏನಪ್ಪಾ ಅಂದರೆ, ಮಧ್ಯಾಹ್ನದ ಬಿಸಿಯೂಟ ಆದ ಮೇಲೆ ಅವಳು ಎದ್ದು ಓಡುತ್ತಿದ್ದಳು. ಕೆಲವು ವಾರ ಓಡುತ್ತಲೇ ಇರಲಿಲ್ಲ, ಕೆಲವು ವಾರ ದಿನಾ ಓಟ. ಗೇಟು ದಾಟಿದರೆ ಲಾರಿ ರಸ್ತೆ. ಹೆಡ್ ಮಾಸ್ತರ್ ಕೊಟ್ರಬಸಪ್ಪನವರೇ ಊರಮ್ಮ ಕೂರುವ ನಲಿ-ಕಲಿ ತರಗತಿಯನ್ನೂ ನೋಡಿಕೊಳ್ಳುತ್ತಿದ್ದರು, ಕೈಯಲ್ಲಿ ಸೀಮೆಸುಣ್ಣ ಹಿಡಿದೇ ಅವಳ ಹಿಂದೆ ಓಡಿ ಓಡಿ ಅವರಿಗೆ ಸಾಕಾಗಿ ಹೋಗಿತ್ತು. ಇನ್ನೊಂದು ಸಲ ರಸ್ತೆಗೆ ಹೋದಳೋ, ಊರಮ್ಮ ಮನೆಯಲ್ಲೇ ಇರಲಿ, ನೀವೇ ವಾರಕ್ಕೊಮ್ಮೆ ಅಲ್ಲಿಗೆ ಹೋಗಿ ಕಲಿಸಿ ಅಂತ ಟೀಚರಿಗೆ ಹೇಳಿಬಿಟ್ಟರು. ಕೆಟ್ಟವರಲ್ಲ ಅವರು. ಹೆದರಿದ್ದರು. ಆದರೆ ಮನೆ ಅಂದರೆ ಒಂದೇ ಕೋಣೆ, ತಗಡಿನ ಸೂರು. ಶಾಲೆಯಲ್ಲಿ ಮಕ್ಕಳು ಹಾಡುವಾಗ ಊರಮ್ಮ ಆಗಷ್ಟೇ ಅವರ ಜೊತೆ ಮೈ ತೂಗಲು ಶುರು ಮಾಡಿದ್ದಳು. ಒಂಟಿಯಾಗಿ ಕೂರಿಸಿದರೆ ಆ ತೂಗಾಟ ನಿಂತು ಹೋಗುತ್ತದೆ ಅನ್ನುವುದೇ ಟೀಚರಿಗೆ ಚಿಂತೆ.

ಮರುಸಲ ಊರಮ್ಮ ಎದ್ದಾಗ ಟೀಚರ್ ತಡೆಯಲೇ ಇಲ್ಲ. ಕೈ ಹಿಡಿದು ಜೊತೆಗೇ ಹೋದರು. ಗೇಟಿನ ಒಳಗೆ ಬೇವಿನ ಮರವಿದೆಯಲ್ಲ, ಅದರ ಕೆಳಗೆ ಇಬ್ಬರೂ ನಿಂತರು. ಬಿಸಿಲಿಗೆ ರಸ್ತೆ ನೀರಿನ ಹಾಗೆ ಅಲುಗುತ್ತಿತ್ತು. ಆ ನೀರಿನೊಳಗಿಂದ ಒಂದು ಬಿಳಿ ಬಸ್ಸು ಎದ್ದು ಬಂತು. ಮೊದಲು ಬಸ್ಸು, ಅದರ ಸದ್ದು ಆಮೇಲೆ. ಕಿಟಕಿಯಿಂದ ಒಂದು ಕೈ ಹೊರಗೆ ಬಂದು ಹಳದಿ ಹೆಲ್ಮೆಟ್ಟನ್ನು ಬೀಸಿತು. ಬಸ್ಸು ದೂಳಿನಲ್ಲಿ ಕರಗಿತು. ಊರಮ್ಮ ತಾನಾಗಿಯೇ ತಿರುಗಿ ಹೋಗಿ ಕ್ಲಾಸಿನಲ್ಲಿ ಕುಳಿತುಬಿಟ್ಟಳು.

ಆ ಕೈ ಅವಳಪ್ಪ ಹುಲುಗೇಶನದು. ಉಕ್ಕಿನ ಕಾರ್ಖಾನೆಯಲ್ಲಿ ಗುತ್ತಿಗೆ ಕೆಲಸ. ವಾರವಾರ ಶಿಫ್ಟು ಬದಲು. ಕಾರ್ಖಾನೆಯ ಸೆಕೆಂಡ್ ಶಿಫ್ಟಿನ ಬಸ್ಸು ದಿನಾ ಊಟದ ಹೊತ್ತಿಗೆ ಶಾಲೆಯ ಮುಂದೆ ಹಾದು ಹೋಗುತ್ತದೆ, ಆದರೆ ಆ ಶಿಫ್ಟ್ ಇದ್ದಾಗ ಮಾತ್ರ ಅವನು ಅದರಲ್ಲಿರುತ್ತಾನೆ. ಮಗಳು ಗೇಟಿನ ಬಳಿ ಕಂಡಾಗೆಲ್ಲ ಅವನು, ಆಟಕ್ಕೆ ಬಿಟ್ಟಿದ್ದಾರೆ ಅಂದುಕೊಂಡು ಖುಷಿಯಿಂದ ಕೈ ಬೀಸುತ್ತಿದ್ದನಂತೆ. ಅವಳು ತಪ್ಪಿಸಿಕೊಂಡು ಬಂದಿದ್ದಾಳೆ ಅಂತ ಅವನಿಗೆ ಹೇಗೆ ಗೊತ್ತಾಗಬೇಕು?

ಟೀಚರ್ ಕ್ಲಾಸಿನ ಗೋಡೆಗೆ ಊರಮ್ಮನದೇ ಒಂದು ದಾರ ಕಟ್ಟಿದರು. ಅದಕ್ಕೆ ಕ್ಲಿಪ್ಪು ಹಾಕಿ ಚಿತ್ರಗಳು. ಹಾಡಿನ ಚಿತ್ರ, ಹುಣಸೆಬೀಜದ್ದು, ತಟ್ಟೆಯದು, ಆಮೇಲೆ ಬಿಳಿ ಬಸ್ಸಿನದು. ಒಂದು ಕೆಲಸ ಮುಗಿದರೆ ಅದರ ಚಿತ್ರ ಬಿಚ್ಚಿ ಡಬ್ಬಿಗೆ ಹಾಕಬೇಕು. ಊರಮ್ಮನಿಗೆ ಇದು ಎಷ್ಟು ಹಿಡಿಸಿತೆಂದರೆ ಕ್ಲಿಪ್ಪು ಬಿಚ್ಚುವ ಆ ಟಿಕ್ ಸದ್ದಿಗೇ ನಗುತ್ತಿದ್ದಳು. ಬಸ್ಸಿನ ಚಿತ್ರದ ತನಕ ತಾಳಿ, ದೊಡ್ಡವರು ಯಾರಾದರೂ ಒಬ್ಬರ ಕೈ ಹಿಡಿದು ಮರದ ಕೆಳಗೆ ಹೋಗಿ ನೋಡಿ ಬರುತ್ತಿದ್ದಳು. ಓಟ ನಿಂತಿತು.

ತಪ್ಪಾದದ್ದು ಅಲ್ಲೇ. ಟೀಚರ್ ಬಸ್ಸಿನ ಚಿತ್ರವನ್ನು ದಿನಾಲೂ ಸಿಗಿಸುವಂತೆ ಮಾಡಿದ್ದರು. ಸೋಮವಾರ ಹುಲುಗೇಶನಿಗೆ ಫಸ್ಟ್ ಶಿಫ್ಟ್ ಬಂತು, ಅವನು ಕತ್ತಲಿದ್ದಾಗಲೇ ಹೋಗಿದ್ದ. ಮೊದಲಾಗಿದ್ದರೆ ಊರಮ್ಮ ಆ ವಾರ ಅಲುಗುತ್ತಲೇ ಇರಲಿಲ್ಲ, ಅಪ್ಪ ಬಸ್ಸಿನಲ್ಲಿಲ್ಲ ಅಂತ ಅವಳಿಗೆ ಗೊತ್ತಿರುತ್ತಿತ್ತು. ಈಗ ದಾರ ಬೇರೆ ಹೇಳುತ್ತಿದೆ. ಅವಳು ತನ್ನ ಕಣ್ಣಿಗಿಂತ ದಾರವನ್ನೇ ನಂಬಿದಳು. ಬಸ್ಸು ಬಂತು, ಕಿಟಕಿಗಳಲ್ಲಿ ಬೇರೆ ಬೇರೆ ಮುಖ, ಹಳದಿ ಹೆಲ್ಮೆಟ್ಟು ಬೀಸುವ ಕೈ ಇಲ್ಲ. ಕೊಟ್ರಬಸಪ್ಪನವರ ಕೈ ಬಿಡಿಸಿಕೊಂಡು, ಗೇಟು ತಳ್ಳಿ, ಬಸ್ಸಿನ ಹಿಂದೆಯೇ ಓಡಿದಳು.

ಎದುರಿಗೆ ಬಂದ ಲಾರಿಯವನು ಬ್ರೇಕು ಒತ್ತಿದ. ದೂಳು ಇಳಿಯುವವರೆಗೆ ಯಾರಿಗೂ ಏನೂ ಕಾಣಲಿಲ್ಲವಂತೆ. ಇಳಿದ ಮೇಲೆ ನೋಡಿದರೆ ರಸ್ತೆ ನಡುವೆ ಊರಮ್ಮ, ಬೆರಳ ಸಂದಿಯಿಂದ ಬಸ್ಸು ಹೋದ ದಿಕ್ಕನ್ನೇ ನೋಡುತ್ತಾ ನಿಂತಿದ್ದಳು.

ಮರುದಿನ ಟೀಚರ್ ಬಂದಾಗ ಹೆಡ್ ಮಾಸ್ತರ್ ಕುರ್ಚಿಯಿಂದ ಏಳಲಿಲ್ಲ.

"ಸಾಕ್ರಿ ಟೀಚರ್ರ. ನನ್ನ ಎದಿ ಇನ್ನೂ ಹೊಡ್ಕಳಾಕತ್ತೈತಿ. ಆಕಿ ಮನ್ಯಾಗ ಇರ್ಲಿ."

"ತಪ್ಪು ಆಕಿದಲ್ರಿ ಸರ, ನಂದು," ಅಂದರು ಟೀಚರ್. "ಇಲ್ಲದ್ದನ್ನ ಐತಿ ಅಂತ ದಾರದಾಗ ತೂಗುಹಾಕೀನಿ. ಆಕಿ ನಂಬಿದ್ಲು. ಆಕೀನ ಮನಿಗೆ ಕಳಿಸಿದ್ರ, ನಂಬಿದ್ದಕ್ಕ ಶಿಕ್ಷೆ ಕೊಟ್ಟಂಗ ಆಕ್ಕತಿ."

ಕೊಟ್ರಬಸಪ್ಪನವರು ಸೀಮೆಸುಣ್ಣ ಕೆಳಗಿಟ್ಟರು. ಹುಲುಗೇಶನ ಶಿಫ್ಟು ಒಂದು ಸುತ್ತು ತಿರುಗುವವರೆಗೆ ನೋಡುತ್ತೇನೆ, ಆಮೇಲೆ ನನ್ನನ್ನು ಏನೂ ಕೇಳಬೇಡಿ ಅಂದರು.

ಟೀಚರಿಗೆ ಒಂದು ಅಭ್ಯಾಸ. ಕಷ್ಟಕ್ಕೆ ಸಿಕ್ಕಾಗ ಹರಿಗೋಲಿನ ಮಾತು ತೆಗೆಯುತ್ತಾರೆ. ಅವರ ತಾಯಿ ಹಂಪಿಯ ಬಾಳೆತೋಟಗಳಲ್ಲಿ ಕೆಲಸ ಮಾಡುತ್ತಿದ್ದಾಗ ಸಣ್ಣ ಸುಧಾರಾಣಿ ಹರಿಗೋಲಿನಲ್ಲಿ ಹೊಳೆ ದಾಟುತ್ತಿದ್ದಳು. ಹರಿಗೋಲು ಗಿರಗಿರ ತಿರುಗುತ್ತದೆ, ಬಂಡೆಗಳೂ ಆಕಾಶವೂ ಸುತ್ತುತ್ತವೆ, ಒಂದಿಷ್ಟೂ ಮುಂದೆ ಹೋಗಿಲ್ಲ ಅನಿಸುತ್ತದೆ, ಅಷ್ಟರಲ್ಲಿ ಕಾಲಿಗೆ ಆಚೆ ದಂಡೆಯ ಮರಳು. ಅವತ್ತು ಸಂಜೆ ಹುಲುಗೇಶನ ಮನೆಗೆ ನಡೆಯುವಾಗಲೂ ಅದನ್ನೇ ಹೇಳಿಕೊಂಡು ಹೋದರಂತೆ.

ಹುಲುಗೇಶ ಕೆಲಸದಿಂದ ಬಂದು ಮುಖ ತೊಳೆಯುತ್ತಿದ್ದ. ನಡೆದದ್ದು ಕೇಳಿ ಚೊಂಬು ಕೆಳಗಿಟ್ಟ. "ನನ್ನ ಶಿಫ್ಟು ನನಗ ಗೊತ್ತಾಗೋದು ಹಿಂದಿನ್ ದಿನ ಸಂಜಿಕ್ರಿ. ನಿಮಗ ಹೆಂಗ ಗೊತ್ತಾಗಬೇಕು?"

"ನನಗ ಗೊತ್ತಾಗೋದು ಬ್ಯಾಡಪ್ಪ. ಆಕಿಗೆ ಗೊತ್ತಾದ್ರ ಸಾಕು." ಟೀಚರ್ ಬಸ್ಸಿನ ಚಿತ್ರವನ್ನು ಅವನ ಕೈಗೆ ಕೊಟ್ಟರು. "ಇದು ಇನ್ನ ಮ್ಯಾಲ ನಿಂದು. ನೀ ಆ ಬಸ್ಸಿಗೆ ಹೋಗೋ ದಿನ ಮುಂಜಾನಿ ಆಕಿ ಕೈಯಾಗ ಕೊಡು. ಉಳಿದ್ ದಿನ ಕೊಡಬ್ಯಾಡ."

ಅವನು ಒದ್ದೆ ಕೈಯನ್ನು ಬನಿಯನ್ನಿಗೆ ಒರೆಸಿಕೊಂಡು ಚಿತ್ರವನ್ನು ತನ್ನ ಹೆಲ್ಮೆಟ್ಟಿನ ಒಳಗೆ ಸಿಗಿಸಿದ.

ಮರುದಿನ ದಾರದಲ್ಲಿ ಬಸ್ಸು ಇರಲಿಲ್ಲ, ಅದು ಕತ್ತಲಲ್ಲೇ ಅಪ್ಪನ ತಲೆಯ ಮೇಲೆ ಕಾರ್ಖಾನೆಗೆ ಹೋಗಿತ್ತು. ಊಟವಾಯಿತು. ದೂರದಿಂದ ಹಾರ್ನು ಕೇಳಿಸಿತು. ಕೊಟ್ರಬಸಪ್ಪನವರ ಸೀಮೆಸುಣ್ಣ ಹಲಗೆಯ ಮೇಲೇ ನಿಂತಿತು. ಊರಮ್ಮ ಎದ್ದಳು. ಬಾಗಿಲ ಕಡೆ ಅಲ್ಲ, ಗೋಡೆಯ ಕಡೆ ಹೋದಳು. ದಾರವನ್ನು ಈ ತುದಿಯಿಂದ ಆ ತುದಿಗೆ ಬೆರಳಲ್ಲಿ ಸವರಿದಳು, ಕೊನೆಯ ಖಾಲಿ ಕ್ಲಿಪ್ಪನ್ನು ಒಮ್ಮೆ ಟಿಕ್ ಅನಿಸಿದಳು. ಹೊರಗೆ ಬಸ್ಸು ಹಾದು ಹೋಯಿತು. ಅವಳು ಬಂದು ಹುಣಸೆಬೀಜಗಳ ಮುಂದೆ ಕುಳಿತಳು.

ಶಿಫ್ಟು ಪೂರ್ತಿ ಸುತ್ತು ತಿರುಗಿತು, ನೈಟೂ ಮುಗಿದು ಮತ್ತೆ ಸೆಕೆಂಡ್ ಬಂತು. ಅವತ್ತು ಊರಮ್ಮ ಬಸ್ಸಿನ ಚಿತ್ರವನ್ನು ಎದೆಗೆ ಒತ್ತಿ ಹಿಡಿದು ಬಂದು ತಾನೇ ಸಿಗಿಸಿದಳಂತೆ. ಅವಳನ್ನು ಮನೆಯಲ್ಲೇ ಇರಿಸುವ ಮಾತು ಮತ್ತೆ ಯಾರೂ ಎತ್ತಲಿಲ್ಲ. ಹೆಡ್ ಮಾಸ್ತರ್ ಟೀಚರಿಗೆ ಹೇಳಿದ್ದು ಇಷ್ಟೇ: "ನನಗೂ ಒಂದು ದಾರ ಕಟ್ಟಿಕೊಡ್ರಿ. ಮೀಟಿಂಗು ಯಾವಾಗ ಐತಿ, ಯಾವಾಗ ಇಲ್ಲ ಅಂತಾದ್ರೂ ಗೊತ್ತಾಕ್ಕತಿ."

ನಾನು ಎಷ್ಟು ಹೇಳಿದರೂ ಅಷ್ಟೇ, ನೀವೇ ಒಮ್ಮೆ ಹೋಗಿ ಬನ್ನಿ. ಸಂಡೂರಿನ ಬಸ್ಸು ಹತ್ತಿ, ಗೇಟಿನ ಒಳಗೆ ಬೇವಿನ ಮರ ಇರುವ ಶಾಲೆ ಅಂದರೆ ಕಂಡಕ್ಟರೇ ಇಳಿಸುತ್ತಾನೆ. ಊಟದ ಹೊತ್ತಿಗೆ ಹೋಗಿ. ಮೊದಲು ದಾರ ನೋಡಿ. ಬಸ್ಸಿನ ಚಿತ್ರ ಇದ್ದರೆ ಊರಮ್ಮನಿಗೆ ಕೈ ಚಾಚಿ, ಹಿಡಿದರೆ ಹಿಡಿಯುತ್ತಾಳೆ. ಅವಳ ಮುಂದೆ ಮಾತ್ರ ನಿಲ್ಲಬೇಡಿ, ರಸ್ತೆ ಕಾಣಬೇಕು ಅವಳಿಗೆ.