ಅಮ್ಮ ಮಾಡಿದ ಪ್ರಾರ್ಥನೆ

ಸಯನ್ ಬಡಾವಣೆಯ ನಮ್ಮ ಮನೆಯಲ್ಲಿ ಊಟ ಬಡಿಸಿಯಾಗಿತ್ತು, ಆದರೆ ಯಾರೂ ತಟ್ಟೆಗೆ ಕೈ ಹಾಕಲಿಲ್ಲ. ಪಪ್ಪನನ್ನು ಸಮಾಧಿ ಮಾಡಿದ ಮೇಲೆ ಮನೆಯಲ್ಲಿ ಒಲೆ ಹಚ್ಚಿದ್ದು ಅಂದೇ ಮೊದಲು. ಊಟಕ್ಕೆ ಮುಂಚಿನ ಪ್ರಾರ್ಥನೆಯನ್ನು ಯಾವಾಗಲೂ ಅವರೇ ಮಾಡುತ್ತಿದ್ದರು. ಗೋರೆಗಾಂವ್‌ನಿಂದ ಬಂದಿದ್ದ ಅಣ್ಣ ನನ್ನ ಮುಖ ನೋಡಿದ. ನಾನು ಅಮ್ಮನ ಕಡೆ ನೋಡಿದೆ.

ಎಂದೂ ನಾಲ್ಕು ಜನರೆದುರು ಬಾಯಿಬಿಟ್ಟು ಪ್ರಾರ್ಥಿಸದ ಅಮ್ಮ ಆಗ ಕಣ್ಣು ಮುಚ್ಚಿ ಶುರು ಮಾಡಿದರು.

“ಕರ್ತನೇ, ಊಟಕ್ಕಾಗಿ ಸ್ತೋತ್ರ. ದಿನಾ ಸಾರಿಗೆ ಉಪ್ಪು ಸರಿಯಿಲ್ಲ ಅಂತ ಹೇಳ್ತಿದ್ದವರು ಈಗ ನಿನ್ನ ಹತ್ರ ಬಂದಿದ್ದಾರೆ. ನೀನೂ ಸ್ವಲ್ಪ ಸುಧಾರಿಸಿಕೊಂಡು ಹೋಗು. ಆಮೆನ್.”

ಅಣ್ಣನಿಗೆ ನಗು ಬಂತು. ನಗುತ್ತಲೇ ಅತ್ತುಬಿಟ್ಟ. ಅಮ್ಮ ಅವನ ತಟ್ಟೆಗೆ ಇನ್ನೊಂದು ಮೀನಿನ ತುಂಡು ಹಾಕಿ, “ಊಟ ಮಾಡು, ತಣ್ಣಗಾಗ್ತದೆ” ಎಂದರು.

ಅಂದಿನಿಂದ ನಮ್ಮ ಮನೆಯಲ್ಲಿ ಪ್ರಾರ್ಥನೆ ಅಮ್ಮನದೇ. ಪಪ್ಪನ ಪ್ರಾರ್ಥನೆಯ ತುಂಬ ಬೈಬಲಿನ ಮಾತುಗಳಿರುತ್ತಿದ್ದವು. ಅಮ್ಮನದರಲ್ಲಿ ಮಂಡಿನೋವು, ಬಿಲ್ಡಿಂಗಿಗೆ ಬಾರದ ನೀರು, ಎದುರುಮನೆಯ ಮರಾಠಿ ಅಜ್ಜಿಯ ಕೆಮ್ಮು ಎಲ್ಲವೂ ಬರುತ್ತವೆ. ಅಮ್ಮನಿಗೆ ದೇವರಲ್ಲಿ ಹೇಳಿಕೊಳ್ಳಲು ಇಷ್ಟೆಲ್ಲ ಇತ್ತೆಂದು ನಮಗೆ ಗೊತ್ತೇ ಇರಲಿಲ್ಲ.